ಮೂವತ್ನಾಲ್ಕನೆಯ ನಿಮಿಷದ ಮಬ್ಬು

ಸವಣೂರಿನಿಂದ ಸವಿತಾಳ ಫೋನು ಬಂದಾಗ ಉಡಚಪ್ಪ ಹಿರೇಕೆರೂರಿನ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದ.

"ಮಾಮಾ, ಮೈಲಾರಲಿಂಗ ಕಾಕಾನ ಮದಿವಿ ವಿಡಿಯೋ ನೋಡಾಕತ್ತೇನಿ. ಮೂವತ್ನಾಲ್ಕನೇ ನಿಮಿಷಕ್ಕ ಬ್ಯಾಂಡಿನ ಮುಂದ ತಲಿಗೆ ಟವೆಲ್ ಸುತ್ತಿ ಕುಣಿಯಾಕತ್ತಾನಲ್ಲ, ಅಂವ ಯಾರು?"

ಉಡಚಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಯಾವಾಂವ?"

"ನಮ್ಮಪ್ಪನ ಗತೆ ಕಾಣ್ತಾನ. ಆದ್ರ ಮಾರಿ ನೋಡೂನು ಅಂದ್ರ ಬರೇ ಚೌಕ ಚೌಕ."

"ಹಳೇ ಕ್ಯಾಸೆಟ್ ಐತೆವ್ವಾ ಅದು."

"ಹಳೇದಾದ್ರ ಎಲ್ಲಾರ ಮಾರೀನೂ ಹಂಗ ಇರಬೇಕಲ್ಲ? ಬಾಜೂಕ ನಿಂತಾವ್ರ ಮೂಗುತಿ ಸೈತ ಕಾಣಾಕತ್ತೈತಿ."

ಹಾಲು ಉಕ್ಕುತ್ತಿದೆ ಎಂದು ಹೇಳಿ ಉಡಚಪ್ಪ ಫೋನು ಇಟ್ಟ. ಒಲೆಯ ಮೇಲೆ ಹಾಲಿರಲಿಲ್ಲ. ಕುಣಿದವನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆಂಟು ವರ್ಷಗಳ ಹಿಂದೆ ಹಾನಗಲ್ಲಿನ ಆ ಮೆರವಣಿಗೆಯಲ್ಲಿ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕಿದವನು ಅವನೇ.

ಉಡಚಪ್ಪ ಮೂವತ್ತು ವರ್ಷ ಮದುವೆ ವಿಡಿಯೋ ತೆಗೆದವನು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟರು, ಮುನಿಸಿಕೊಂಡವರು ಎರಡನೇ ಪಂಕ್ತಿಯಲ್ಲಿ ಹೇಗೆ ಉಂಡರು ಎಂಬುದೆಲ್ಲ ಅವನ ಕ್ಯಾಸೆಟ್ಟುಗಳಲ್ಲಿತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋ ಮುಚ್ಚಿದ. ಮನೆಯವರ, ನೆಂಟರ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುವುದನ್ನು ಮಾತ್ರ ನೋಡಲಾಗದೆ, ಒಂದೊಂದನ್ನೂ ಹಳೆಯ ವಿಸಿಆರ್‌ನಲ್ಲಿ ಓಡಿಸಿ ಕಂಪ್ಯೂಟರಿಗೆ ಇಳಿಸಿದ. ಶಿಗ್ಗಾಂವದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮಗಳು ವಿದ್ಯಾಶ್ರೀ ಒಂದು ಶನಿವಾರ ಮನೆಗೆ ಬಂದವಳು, ಅಪ್ಪ ಮಿಕ್ಸಿಂಗ್ ಮಾಡುತ್ತಿದ್ದ ಅದೇ ಕಂಪ್ಯೂಟರನ್ನು ಸರ್ವರ್ ಮಾಡಿಕೊಟ್ಟಳು. ಫೋನಿನಲ್ಲೋ ಟಿವಿಯಲ್ಲೋ ಒಂದು ಆ್ಯಪ್ ಹಾಕಿಕೊಂಡರೆ ನೆಂಟರೆಲ್ಲ ಇದ್ದಲ್ಲಿಂದಲೇ ಹಳೆಯ ಮದುವೆಗಳನ್ನು ನೋಡಬಹುದಿತ್ತು.

ನೋಡಿದರು ಕೂಡ. ಅದೇ ಕಷ್ಟಕ್ಕೆ ಬಂತು. ಮನೆಯ ಇಂಟರ್ನೆಟ್ಟಿನಲ್ಲಿ ಒಳಗೆ ಬರುವ ದಾರಿ ಅಗಲ, ಹೊರಗೆ ಹೋಗುವ ದಾರಿ ಇಕ್ಕಟ್ಟು. ಸವಣೂರಿನಲ್ಲಿ ಯಾರೋ ಮದುವೆ ಹಚ್ಚಿದರೆಂದರೆ ಇತ್ತ ಗುತ್ತೆವ್ವನ ವಿಡಿಯೋ ಕಾಲ್ ನಿಂತೇಹೋಗುತ್ತಿತ್ತು. ಉಡಚಪ್ಪನ ಹೆಂಡತಿ ಗುತ್ತೆವ್ವ ಮಾತು ಅರ್ಧಕ್ಕೆ ನಿಲ್ಲಿಸುವವಳಲ್ಲ. ಬಾಯಿ ತೆರೆದ ಭಂಗಿಯಲ್ಲೇ ತಾನು ಅಂಟಿಕೊಂಡಿದ್ದೇನೆಂದು ಆ ಕಡೆಯವರಿಂದ ಕೇಳಿದಾಗ ಆಕೆಗೆ ಸಿಟ್ಟು ಬಂತು. ವಿದ್ಯಾಶ್ರೀ ಆಗ ಮಿತಿ ಹಾಕಿದಳು. ಹೊರಗಿನವರಿಗೆಲ್ಲ ಸೇರಿ ನಾಲ್ಕು ಎಂಬಿಪಿಎಸ್ ವೇಗ, ಒಬ್ಬೊಬ್ಬರಿಗೆ ಒಂದು. ಉಡಚಪ್ಪ ಇಳಿಸಿಟ್ಟ ಫೈಲುಗಳಿಗೋ ಅದರ ಇಪ್ಪತ್ತೈದು ಪಟ್ಟು ಬೇಕಿತ್ತು. ಹಾಗಾಗಿ ಯಾರು ಕೇಳಿದರೂ ಆ ಹಳೆಯ ಕಂಪ್ಯೂಟರು ದಪ್ಪ ವಿಡಿಯೋವನ್ನು ಆಗಿಂದಾಗಲೇ ತೆಳ್ಳಗೆ ಮಾಡಿ ಕಳಿಸಬೇಕು. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಅನ್ನುತ್ತಾರೆ ಎಂದು ಮಗಳು ಹೇಳಿದ್ದಳು.

ಸವಿತಾಳ ಫೋನು ಬಂದ ವಾರದ ಶನಿವಾರ ಮಗಳು ಮನೆಗೆ ಬಂದಾಗ ಉಡಚಪ್ಪ ಆ ವಿಷಯ ಹೇಳಿದ.

"ಅದಕ್ಕ ಕಾರಣ ಐತಿ ಅಪ್ಪಾ," ಎಂದಳು ವಿದ್ಯಾಶ್ರೀ. "ಸುಮ್ನ ಕುಂತಾವ್ರನ್ನ ಕಳಸಾಕ ಭಾಳ ಡೇಟಾ ಬೇಕಾಗೂದಿಲ್ಲ. ಕೈಕಾಲು ಆಡಸಾವ್ರಿಗೆ ಹೆಚ್ಚಿಗಿ ಬೇಕು. ನಾವು ಕೊಡೂದು ಕಡಿಮಿ. ಅದಕ್ಕ ಕುಂತವರು ಚಂದ ಕಾಣ್ತಾರ, ಕುಣಿದವರು ಒಡೀತಾರ."

ಮನೆಯ ಟಿವಿಗೆ ಸರ್ವರಿನಿಂದ ನೇರ ತಂತಿ ಇತ್ತು. ಅಲ್ಲಿ ಯಾವ ಮಿತಿಯೂ ಇರಲಿಲ್ಲ. ವಿದ್ಯಾಶ್ರೀ ಮೂವತ್ನಾಲ್ಕನೆಯ ನಿಮಿಷ ಹಚ್ಚಿದಳು, ಅರ್ಧ ನಿಮಿಷ ನೋಡಿದಳು, ಟಿವಿ ಆರಿಸಿದಳು.

"ಯಪ್ಪಾ! ಶಿದ್ಲಿಂಗಪ್ಪ ಮಾಮಾ!"

"ಸಾವಕಾಶ!" ಎಂದ ಉಡಚಪ್ಪ, ಯಾರೋ ಕಿಟಕಿಯಲ್ಲಿ ನಿಂತಿದ್ದಾರೇನೋ ಎಂಬಂತೆ. "ಅವರಾಗೇ ಹೇಳೂ ತನಕ ನಾವು ಹೇಳೂದ ಬ್ಯಾಡ. ನಿಮ್ಮವ್ವನ ತವರಮನಿ ಮರ್ಯಾದಿ ಅದು."

"ನಾ ಹೇಳೂದಿಲ್ಲ. ಆದ್ರ ಸರ್ವರ್ ಚಲೋ ನಡಿಯೂ ಹಂಗ ಮಾಡೂದ ನನ್ನ ಕೆಲಸ. ಅದನ್ನ ಬಿಡು ಅನಬ್ಯಾಡ."

ಶಿದ್ಲಿಂಗಪ್ಪ ಗುತ್ತೆವ್ವನ ಅಣ್ಣ, ಸವಿತಾಳ ಅಪ್ಪ. ಚಿಕ್ಕೇರೂರಿನಲ್ಲಿ ಮನೆ, ಹೊಲ. ಶಾಲೆಯಿಂದ ನಿವೃತ್ತರಾಗಿ ಎರಡು ವರ್ಷವಾದರೂ ಎಲ್ಲರಿಗೂ ಮಾಸ್ತರರೇ. ಮೆರವಣಿಗೆಯಲ್ಲಿ ಕುಣಿಯುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ಎಂಟು ವರ್ಷಗಳ ಹಿಂದೆ ಸವಿತಾಳ ಮದುವೆಗೆ ಅವಳ ಗೆಳತಿಯರು ಒಂದೇ ಬಣ್ಣದ ಸೀರೆ ಉಟ್ಟು, ಹೆಜ್ಜೆ ಕಲಿತು ಬಂದು, ಮಾಸ್ತರರ ಮುಖ ನೋಡಿ ಸಾಲಾಗಿ ನಿಂತು, ಸಾಲಾಗಿಯೇ ಉಂಡು ಹೋಗಿದ್ದರು. ಈಗ ಮಗ ಆನಂದನ ಸರದಿ. ಹಾನಗಲ್ಲಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಆನಂದನಿಗೆ ಮುಂದಿನ ತಿಂಗಳು ಮದುವೆ. ಬ್ಯಾಂಡ್ ಹೇಳಿ ಕರೆಸುತ್ತೇನೆ ಅಂದದ್ದಕ್ಕೆ ಮಾಸ್ತರರು ಮನೆತನದ ಗ್ರೂಪಿನಲ್ಲಿ ಬರೆದಿದ್ದರು: "ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ರಸ್ತೆಯಲ್ಲಿ ಕುಣಿದ ಉದಾಹರಣೆ ಇಲ್ಲ."

ಅದನ್ನೋದಿಯೇ ಅಕ್ಕ ತಮ್ಮ ಇಬ್ಬರೂ ಉದಾಹರಣೆ ಹುಡುಕಲು ಕೂತಿದ್ದರು.

ಸವಿತಾ ಮಬ್ಬು ಚಿತ್ರವನ್ನು ಗ್ರೂಪಿಗೆ ಹಾಕಿದಳು. ಮಾಸ್ತರರು ಐದೇ ನಿಮಿಷದಲ್ಲಿ ಉತ್ತರಿಸಿದರು. ಅದು ತಾವಲ್ಲ, ಉಡಚಪ್ಪನ ಜೊತೆ ಲೈಟು ಹಿಡಿಯಲು ಬಂದಿದ್ದ ಬಾಬಾಜಾನ. ಬಾಬಾಜಾನ ಈಗ ಹಿರೇಕೆರೂರಿನಲ್ಲೇ ಎಲೆಕ್ಟ್ರಿಕ್ ಅಂಗಡಿ ಇಟ್ಟುಕೊಂಡಿದ್ದಾನೆ. ಆನಂದ ಅವನಿಗೆ ಫೋನು ಮಾಡಿ ಕೇಳಿದ.

"ನಾ ಕುಣಿದಿದ್ರ ಲೈಟ್ ಯಾರು ಹಿಡಿದಿದ್ರಪ್ಪಾ?" ಎಂದು ಬಾಬಾಜಾನ ತಿರುಗಿ ಕೇಳಿದ. "ಕತ್ತಲದಾಗ ಕುಣಿದ್ರ ವಿಡಿಯೋದಾಗ ಬರ್ತಿದ್ನೇನು?"

ಮದುಮಗನಾಗಿದ್ದ ಮಾಸ್ತರರ ತಮ್ಮ ಮೈಲಾರಲಿಂಗನನ್ನು ಕೇಳಿದರೆ ಅವನು ಅಣ್ಣನೂ ಮುನಿಯಬಾರದು, ಅಣ್ಣನ ಮಕ್ಕಳೂ ಮುನಿಯಬಾರದು ಎಂಬಂತೆ, "ನಾ ಕುದುರಿ ಮ್ಯಾಲ ಇದ್ದೆ. ಬಾಸಿಂಗ ಕಣ್ಣ ಮುಂದ ಜೋತುಬಿದ್ದಿತ್ತು. ನನಗ ಕುದುರಿ ಕಿವಿ ಬಿಟ್ರ ಏನೂ ಕಂಡಿಲ್ಲ," ಅಂದುಬಿಟ್ಟ.

ಉಳಿದ ಸಾಕ್ಷಿ ಉಡಚಪ್ಪ ಒಬ್ಬನೇ. ಸಂತೆಯ ದಿನ ಮಾಸ್ತರರು ಒಂದು ಚೀಲ ಹಸಿ ಶೇಂಗಾ ಹಿಡಿದುಕೊಂಡು ಬಸ್ಸಿಳಿದು ನೇರ ಅವನ ಮನೆಗೆ ಬಂದರು. ಉಡಚಪ್ಪನೂ ಚಿಕ್ಕೇರೂರಿನವನೇ. ಅವನನ್ನು ಚಡ್ಡಿ ಹಾಕಿಕೊಂಡ ಕಾಲದಿಂದ ಕಂಡವರಾದ್ದರಿಂದ, ತಂಗಿಯ ಗಂಡನಾದ ಮೇಲೂ ಮಾಸ್ತರರು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದರು. ಅವತ್ತು ಹೊಸ್ತಿಲು ದಾಟುತ್ತಲೇ ಅಂದರು:

"ಉಡಚಪ್ಪನವ್ರ, ಆರಾಮ ಅದೀರೇನ್ರಿ?"

ಉಡಚಪ್ಪ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. "ಬರ್ರಿ ಮಾಸ್ತರ್ರ. ಕುಂತ್ರಿ."

ಮಾಸ್ತರರು ಕೂತರು, ಚಹಾ ಕುಡಿದರು, ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಕಂಪ್ಯೂಟರನ್ನು ಬಹಳ ಗೌರವದಿಂದ ನೋಡಿದರು. "ಈ ಲಿಮಿಟ್ ಅನ್ನೂದು ಭಾಳ ಚಲೋ ವ್ಯವಸ್ಥಾ ಮಾಡೀರಿ ನೋಡ್ರಿ. ಎಲ್ಲಾದಕ್ಕೂ ಒಂದು ಮಿತಿ ಇರಬೇಕು."

"ಹೌದ್ರಿ."

"ಅದನ್ನ ಇನ್ನೊಂದೀಟ ಇಳಿಸಾಕ ಬರ್ತೈತೇನ್ರಿ?"

ಉಡಚಪ್ಪ ನಗು ತಡೆಯಲು ಶೇಂಗಾ ಸುಲಿಯತೊಡಗಿದ. "ಅದೆಲ್ಲ ವಿದ್ಯಾನ ಕೈಯಾಗ ಐತ್ರಿ. ನನಗ ಪಾಸ್‌ವರ್ಡ್ ಸೈತ ಗೊತ್ತಿಲ್ಲ."

"ಹೋಗ್ಲಿ ಬಿಡ್ರಿ. ಒಮ್ಮೆಲೆ ಭಾಳ ಮಂದಿ ನೋಡಿದ್ರ ಏನಾಕ್ಕೈತಿ?"

"ಮೂರ್ನಾಲ್ಕ ಮಂದಿ ತನಕ ಹೆಂಗರೆ ತಡೀತೈತ್ರಿ. ಆಮ್ಯಾಲ ಒಬ್ಬೊಬ್ಬರು ಹೆಚ್ಚಾದಂಗ ಎಲ್ಲಾರಿಗೂ ಮಬ್ಬ ಆಕ್ಕೋತ ಹೋಗಿ, ಕಡೀಕ ನಿಂತ ಬಿಡ್ತೈತಿ."

ಮಾಸ್ತರರು ಈ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಮುಖ ಅರಳಿತು. ಸಂತೆಗೂ ಹೋಗದೆ ಮುಂದಿನ ಬಸ್ಸಿಗೆ ಹೊರಟುಹೋದರು.

ಸಂಜೆ ಗ್ರೂಪಿನಲ್ಲಿ ಪ್ರಕಟಣೆ ಬಂತು. "ಸತ್ಯಕ್ಕೆ ಅಂಜುವ ಜಾಯಮಾನ ನನ್ನದಲ್ಲ. ಬರುವ ರವಿವಾರ ಸಂಜೆ ಐದು ಗಂಟೆಗೆ ಸರಿಯಾಗಿ ಸಮಸ್ತರೂ ಏಕಕಾಲಕ್ಕೆ ಸದರಿ ವಿಡಿಯೋ ವೀಕ್ಷಿಸಿ ಅಭಿಪ್ರಾಯ ತಿಳಿಸತಕ್ಕದ್ದು. ಏಕಕಾಲಕ್ಕೆ ಎಂಬುದನ್ನು ಗಮನಿಸುವುದು."

ಅಪ್ಪನ ಧೈರ್ಯ ನೋಡಿ ಸವಿತಾಳಿಗೇ ಅನುಮಾನವಾಯಿತು. ಖರೇನೇ ಬೇರೆ ಯಾರೋ ಇರಬಹುದೇ?

ರವಿವಾರ ಐದಕ್ಕೆ ವಿದ್ಯಾಶ್ರೀ ಮನೆಯಲ್ಲೇ ಇದ್ದಳು. ಐದು ಹೊಡೆದು ಎರಡು ನಿಮಿಷಕ್ಕೆ ಕಂಪ್ಯೂಟರಿನ ಫ್ಯಾನು ಜೋರಾಗಿ ಅರಚತೊಡಗಿತು. ಮೂರು ನಿಮಿಷಕ್ಕೆ ಗುತ್ತೆವ್ವ ಅಡುಗೆಮನೆಯಿಂದ ಬಂದು ಅದರ ಡಬ್ಬಿಯ ಮೇಲೆ ಕೈಯಿಟ್ಟು, ಸುಟ್ಟುಕೊಂಡು ಕೈ ತೆಗೆದಳು. "ಇದಕ್ಕ ಜ್ವರ ಬಂದೈತಲ್ಲಬೇ!"

ಗ್ರೂಪಿನಲ್ಲಿ ಬೈಗುಳ ಶುರುವಾಯಿತು. ಸವಣೂರಿನಲ್ಲಿ ಬ್ಯಾಂಡು ಊದುತ್ತದೆ, ಚಿತ್ರ ಇಲ್ಲ. ಆನಂದ ಹೊಸ ದೊಡ್ಡ ಟಿವಿಯಲ್ಲಿ ಹಚ್ಚಿದ್ದ. ಅದರಲ್ಲಿ ಒಂದೊಂದು ಚೌಕ ಒಂದೊಂದು ರೊಟ್ಟಿಯಷ್ಟಗಲ ಕಾಣುತ್ತಿತ್ತಂತೆ. ಮಾಸ್ತರರು ಮಾತ್ರ ಶಾಂತವಾಗಿ, "ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ಅದು ಬಾಬಾಜಾನ," ಎಂದು ಬರೆದರು.

ವಿದ್ಯಾಶ್ರೀ ಸರ್ವರಿನ ಪುಟ ತೆರೆದಳು. ಯಾರು, ಯಾವ ಊರಿಂದ, ಯಾವ ಸಾಧನದಲ್ಲಿ ನೋಡುತ್ತಿದ್ದಾರೆ ಎಂಬ ಪಟ್ಟಿ ಅಲ್ಲಿ ಬರುತ್ತದೆ. ಒಟ್ಟು ಒಂಬತ್ತು ಸಾಲು. ಅವುಗಳಲ್ಲಿ ಮೂರರ ಮುಂದೆ ಒಂದೇ ಹೆಸರು: ಶಿದ್ಲಿಂಗಪ್ಪ, ಚಿಕ್ಕೇರೂರು. ಒಂದು ಅವರ ಫೋನು, ಇನ್ನೊಂದು ಅವರ ಹೆಂಡತಿ ಹೊಳೆವ್ವನ ಫೋನು, ಒಂದು ಟಿವಿ. ಅವಳು ತಡಮಾಡದೆ ಮಾಮನಿಗೆ ಫೋನು ಹಚ್ಚಿದಳು.

"ಮಾಮಾ, ಮೂರ ಕಣ್ಣಲೆ ನೋಡಾಕತ್ತೀರೇನ್ರಿ?"

"ಏನವ್ವಾ ಹಂಗಂದ್ರ?"

"ಹೊಳೆವ್ವತ್ತಿ ಎಲ್ಲಿ ಅದಾಳ್ರಿ?"

"ಆಕಿ ಹೊಲಕ್ಕ ಹೋಗ್ಯಾಳ. ಇನ್ನೇನ ಬರಬೇಕು."

"ಮತ್ತ ಆಕಿ ಫೋನಿನ್ಯಾಗ ಮದಿವಿ ಯಾರು ನೋಡಾಕತ್ತಾರ?"

ಆ ಕಡೆ ಬ್ಯಾಂಡಿನ ಸದ್ದು ಕೇಳಿಸಿತು, ಅದೂ ಮೂರು ಕಡೆಯಿಂದ, ಒಂದಕ್ಕೊಂದು ಹೊಂದದೆ.

"ಅದು ಅದರಷ್ಟಕ್ಕ ಅದ ನೋಡಾಕತ್ತೈತವ್ವಾ," ಎಂದರು ಮಾಸ್ತರರು ಸಣ್ಣ ದನಿಯಲ್ಲಿ.

ವಿದ್ಯಾಶ್ರೀ ಫೋನು ಇಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುತ್ತೆವ್ವನಿಗೆ ಮಾತ್ರ ಕಂಪ್ಯೂಟರಿನದೇ ಚಿಂತೆ. "ಅಲ್ಲ, ಒಂಬತ್ತ ಮಂದಿ ಒಂದ ಮದಿವಿ ನೋಡಾಕ ಇದು ಯಾಕ ಇಷ್ಟ ಒದ್ದಾಡತೈತಿ?"

"ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ತೆಳ್ಳಗ ಮಾಡಿ ಕೊಡಬೇಕಲ್ಲವ್ವಾ, ಅವರು ಕೇಳಿದ ಆ ಹೊತ್ತಿಗೇ."

"ಬಂದಬಂದಾವ್ರಿಗೆ ಬಿಸಿ ರೊಟ್ಟಿ ಬಡದಂಗ?"

"ಹೂಂ, ಹಂಗ."

"ಹುಚ್ಚಿ ಅದಿ ನೋಡು. ಒಂದಿನ ಕುಂತು ಒಣ ಕಟಿ ರೊಟ್ಟಿ ಬಡದು ಪುಟ್ಟ್ಯಾಗ ಇಡೂದು. ಬಂದಾವ್ರು ತಾವ ತಗೊಂಡು ತಿಂತಾರ. ಇಷ್ಟ ಗೊತ್ತಿಲ್ಲದ ಆ ಕಾಲೇಜಿನ್ಯಾಗ ಏನ ಕಲಸ್ತೀಯವ್ವಾ?"

ವಿದ್ಯಾಶ್ರೀ ನಾಲಿಗೆ ಕಚ್ಚಿಕೊಂಡಳು. ಕಾಲೇಜಿನಲ್ಲಿ ಅವಳು ಕಲಿಸುತ್ತಿದ್ದದ್ದು ನಿಜಕ್ಕೂ ಅದನ್ನೇ. ಮೊದಲೇ ಒಂದು ತೆಳ್ಳನೆಯ ಪ್ರತಿ ಮಾಡಿಟ್ಟರೆ ಸರ್ವರು ಅದನ್ನು ಇದ್ದಂತೆಯೇ ಕಳಿಸುತ್ತದೆ, ಏನೂ ಹೆಣಗಬೇಕಿಲ್ಲ. ಮನೆಯ ಕೆಲಸವಲ್ಲವೇ, ನಿಧಾನಕ್ಕೆ ಮಾಡಿದರಾಯಿತು ಎಂದು ಆರು ತಿಂಗಳು ಮುಂದೂಡಿದ್ದಳು. ಅವತ್ತೇ ಎಲ್ಲರನ್ನೂ ಸರ್ವರಿನಿಂದ ಹೊರಗೆ ಹಾಕಿ, ಒಂದು ವಾರ ರಜೆ ಎಂದು ಗ್ರೂಪಿನಲ್ಲಿ ಬರೆದು, ಕಂಪ್ಯೂಟರಿಗೆ ಕೆಲಸ ಹಚ್ಚಿ ಶಿಗ್ಗಾಂವಕ್ಕೆ ಹೋದಳು. ಉಡಚಪ್ಪ ದಿನಾ ಹೋಗಿ ನೋಡುತ್ತಿದ್ದ. ಯಾರ ಅವಸರವೂ ಇಲ್ಲದ ಆ ಮುದಿ ಯಂತ್ರ ಒಂದೊಂದು ಮದುವೆಯನ್ನೂ ಎರಡೆರಡು ಸಲ ತಿರುವಿ ನೋಡಿ, ಎಲ್ಲಿ ಕುಣಿತ ಇದೆಯೋ ಅಲ್ಲಿ ಧಾರಾಳವಾಗಿ, ಎಲ್ಲಿ ಜನ ಸುಮ್ಮನೆ ಕೂತಿದ್ದಾರೋ ಅಲ್ಲಿ ಕೈ ಬಿಗಿಹಿಡಿದು, ಪ್ರತಿ ತಯಾರಿಸುತ್ತಿತ್ತು.

ಮುಂದಿನ ಶನಿವಾರ ವಿದ್ಯಾಶ್ರೀ ಹೊಸ ಪ್ರತಿಯನ್ನು ಪರೀಕ್ಷಿಸಲು ತನ್ನ ಫೋನಿನಲ್ಲೇ, ಹೊರಗಿನವಳಂತೆ, ಅದೇ ಒಂದು ಎಂಬಿಪಿಎಸ್ಸಿನಲ್ಲಿ ಹಚ್ಚಿದಳು. ಚಿತ್ರ ಸ್ವಚ್ಛವಾಗಿತ್ತು. ಮಾಮಾ ಆರು ನಿಮಿಷ ಕುಣಿದಿದ್ದರು, ತಾಳಕ್ಕೂ ಅವರಿಗೂ ಸಂಬಂಧವಿಲ್ಲದಂತೆ. ಈ ಸಲ ಅವಳು ಕುಣಿಯುವವರನ್ನು ಬಿಟ್ಟು ಉಳಿದದ್ದನ್ನೂ ನೋಡಿದಳು. ನೋಡುತ್ತ ನೋಡುತ್ತ ಒಂದೆಡೆ ನಿಲ್ಲಿಸಿದಳು. ಹಿಂದೆ ಸರಿಸಿ ಮತ್ತೆ ನೋಡಿ, ಅಪ್ಪನನ್ನು ಕರೆದು ತೋರಿಸಿದಳು. ಉಡಚಪ್ಪನೂ ಅದನ್ನು ಗಮನಿಸಿರಲಿಲ್ಲ. ಕ್ಯಾಮೆರಾ ಹಿಡಿದಾಗ ಅವನ ಕಣ್ಣು ಮಾಸ್ತರರ ಮೇಲಿತ್ತು, ಮುಂದೆಂದೂ ಆ ಭಾಗವನ್ನು ಪೂರ್ತಿ ನೋಡುವ ಧೈರ್ಯ ಮಾಡಿರಲಿಲ್ಲ.

"ಎಲ್ಲಾರಿಗೂ ಬಿಡೂಕಿಂತ ಮೊದ್ಲ ಮಾಮಾ ನೋಡಬೇಕು ಇದನ್ನ," ಎಂದಳು ವಿದ್ಯಾಶ್ರೀ.

ಮರುದಿನ ಬೆಳಿಗ್ಗೆ ಮಾಸ್ತರರು ಹೆಂಡತಿ ಹೊಳೆವ್ವನೊಂದಿಗೆ ಬಂದರು. ಅವರ ಮುಖ, ತಪ್ಪು ಮಾಡಿ ಹೆಡ್‌ಮಾಸ್ತರರ ಕೋಣೆಗೆ ಕರೆಸಿಕೊಂಡ ಹುಡುಗನ ಹಾಗಿತ್ತು. ಹೊಳೆವ್ವ ಮಾತ್ರ ಉತ್ಸಾಹದಿಂದ ಟಿವಿಯ ಎದುರಿನ ಕುರ್ಚಿಯನ್ನೇ ಹಿಡಿದಳು.

ವಿದ್ಯಾಶ್ರೀ ಹಚ್ಚಿದಳು. ಗ್ಯಾಸ್‌ಬತ್ತಿಗಳ ಸಾಲು, ಕೆಂಪು ಕೋಟಿನ ಬ್ಯಾಂಡಿನವರು, ಅವರ ನಡುವೆ ತಲೆಗೆ ಟವೆಲ್ ಸುತ್ತಿ, ಕಪ್ಪು ಮೀಸೆಯಡಿ ಹಲ್ಲೆಲ್ಲ ತೋರಿಸಿ, ಎರಡೂ ಕೈ ಮೇಲೆತ್ತಿ ಮೂವತ್ನಾಲ್ಕರ ಹರೆಯದ ಶಿದ್ಲಿಂಗಪ್ಪ ಮಾಸ್ತರರು. ಅನುಮಾನಕ್ಕೆ ಎಡೆಯೇ ಇರಲಿಲ್ಲ.

"ಬಾಬಾಜಾನ ಭಾಳ ಚಲೋ ಕುಣೀತಾನ್ರಿ," ಎಂದಳು ಹೊಳೆವ್ವ.

ಮಾಸ್ತರರು ನೆಲ ನೋಡಿದರು. "ಸಾಕ ಮಾಡವ್ವಾ ವಿದ್ಯಾ. ನಾನ. ಒಪ್ಕೊಂಡೆ. ಆರಿಸು."

"ಇನ್ನೊಂದೀಟ ನೋಡ್ರಿ ಮಾಮಾ. ನಿಮ್ಮನ್ನಲ್ಲ, ಡೋಲಿನಾಂವನ ಹಿಂದ ನೋಡ್ರಿ."

ಮಾಸ್ತರರು ತಲೆಯೆತ್ತಿದರು. ಡೋಲು ಬಾರಿಸುವವನ ಹೆಗಲ ಹಿಂದೆ, ಎರಡು ಮಾರು ದೂರದಲ್ಲಿ, ಬಿಳಿ ರುಮಾಲು ಸುತ್ತಿದ ಒಬ್ಬ ಮುದುಕ ನಿಂತಿದ್ದ. ಕೈಯಲ್ಲಿ ಊರುಗೋಲು. ಆತ ಬೇರೆಲ್ಲೂ ನೋಡುತ್ತಿರಲಿಲ್ಲ, ಕುಣಿಯುವವನನ್ನೇ ನೋಡುತ್ತಿದ್ದ. ನೋಡುತ್ತ, ಊರುಗೋಲಿನ ಮೇಲೆ ನಾಲ್ಕು ಬೆರಳಿನಿಂದ ತಾಳ ಹಾಕುತ್ತಿದ್ದ. ಒಮ್ಮೆ ಮಾಸ್ತರರು ಹೆಜ್ಜೆ ತಪ್ಪಿ ಬೀಳುವಂತಾದಾಗ ಆತನ ಬಾಯಿ ತೆರೆದು, ಭುಜ ಕುಲುಕಿ ಹೋಯಿತು.

"ಅಪ್ಪ!" ಎಂದಳು ಗುತ್ತೆವ್ವ. ಅವಳ ಮತ್ತು ಮಾಸ್ತರರ ತಂದೆ ದ್ಯಾಮಪ್ಪ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. "ಅಪ್ಪ ನಗಾಕತ್ತಾನಲ್ಲೋ ಅಣ್ಣಾ! ನಾ ಆತ ಹಿಂಗ ನಕ್ಕಿದ್ದು ನೋಡೇ ಇಲ್ಲ."

ಮಾಸ್ತರರು ಎದ್ದು ಟಿವಿಯ ಹತ್ತಿರ ಹೋಗಿ ನಿಂತರು. ಆರು ನಿಮಿಷವೂ ಅಲ್ಲೇ ನಿಂತು ನೋಡಿದರು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು, ಅದು ಸ್ವಚ್ಛವಾಗಿಯೇ ಇತ್ತು.

"ಮರುದಿನ ಮುಂಜಾನೆ ಚಹಾ ಕುಡಿಯೋ ಮುಂದ ಅಪ್ಪ ನನ್ನ ಕೇಳಿದ," ಎಂದರು ಕೊನೆಗೆ. "'ನಿನ್ನಿ ಬ್ಯಾಂಡಿನ ಮುಂದ ಕುಣಿದಾಂವ ಯಾರೋ ಶಿದ್ಲಿಂಗ?' ಅಂದ. ಮಾಸ್ತರಕಿ ಮಾಡಾಂವ ಮಂದಿ ಮುಂದ ಹೆಂಗಿರಬೇಕು ಅಂತ ದಿನಾ ಹೇಳಾಂವ ಆತ. 'ಯಾರೋ ಲೈಟಿನಾಂವ ಅಪ್ಪಾ, ಬಾಬಾಜಾನ ಅಂತ' ಅಂದೆ."

"ಅಜ್ಜ ಏನಂದ್ರಿ?" ಎಂದಳು ವಿದ್ಯಾಶ್ರೀ.

"'ಹೌದೇನು' ಅಂದ. ಅಷ್ಟ. ಚಹಾ ಕುಡದು ಎದ್ದ. ಸಾಯೋ ತನಕ ಮತ್ತ ಕೇಳ್ಲಿಲ್ಲ. ನಾನೂ ಅಂದ ಮಾತ ಹಿಡದು, ಕುಣಿಯೋರನ್ನ ಬೈಕೋತ ಬಂದ್ಬಿಟ್ಟೆ." ಅವರು ಟಿವಿಯಲ್ಲಿ ನಿಂತಿದ್ದ ಚಿತ್ರದ ಕಡೆ ಕೈ ತೋರಿಸಿದರು. "ಎಲ್ಲಾ ನೋಡ್ಯಾನ ಮುದುಕ! ಎಲ್ಲಾ ನೋಡಿ, ಹೌದೇನು ಅಂತಾನ!"

ಅವರಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಗುತ್ತೆವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಉಡಚಪ್ಪನಿಗೆ ಇಪ್ಪತ್ತೆಂಟು ವರ್ಷ ಹೊತ್ತುಕೊಂಡಿದ್ದ ಗುಟ್ಟು ಇಳಿದ ಹಗುರ.

"ಹಂಗಾರ ನಿನಗೂ ಗೊತ್ತಿತ್ತೇನ?" ಎಂದು ಮಾಸ್ತರರು ಹೆಂಡತಿಯನ್ನು ಕೇಳಿದರು.

"ಆ ಟವೆಲ್ ತಿರುಗಿ ಒಗದಾಕಿ ನಾನ್ರಿ," ಎಂದಳು ಹೊಳೆವ್ವ. "ಡೋಲಿನಾಂವನ ಕುಂಕುಮ ಹತ್ತಿತ್ತು. ಎರಡ ಸಲ ಸಬಕಾರ ಹಚ್ಚಿದೆ."

ಮಾಸ್ತರರು ಉಡಚಪ್ಪನ ಫೋನಿನಿಂದಲೇ ಆನಂದನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟು, ಗಂಟಲು ಸರಿಮಾಡಿಕೊಂಡರು. "ಆನಂದಾ, ಬ್ಯಾಂಡ್ ಹೇಳು."

"ಅಪ್ಪಾ, ಆರಾಮ ಅದಿ ಇಲ್ಲ?"

"ಆರಾಮ ಅದೇನಿ. ಚಲೋ ಬ್ಯಾಂಡ್ ಹೇಳು. ಸವಿತಾಗೂ ಹೇಳು, ಆಕಿ ಗೆಳತ್ಯಾರನ್ನ ಕರಿ ಅಂತ ಹೇಳು."

"ಉಡಚಪ್ಪ ಮಾಮಾ," ಎಂದ ಆನಂದ ಬೇಸರದಿಂದ, "ನಮ್ಮಪ್ಪನ ಧ್ವನಿ ತೆಗದು ಚ್ಯಾಷ್ಟಿ ಮಾಡಬ್ಯಾಡ್ರಿ. ಅಂಗಡ್ಯಾಗ ಗಿರಾಕಿ ಅದಾರ." ಎಂದವನೇ ಫೋನು ಇಟ್ಟುಬಿಟ್ಟ.

ಮಾಸ್ತರರು ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತರು. ಹೊಳೆವ್ವ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಮಗನಿಗೆ ಮತ್ತೆ ಹಚ್ಚಿದಳು.